ವಾಂತಿ-ಭೇದಿ: ಮಗುವಿಗೆ ನೀರು ನಿಲ್ಲಿಸಬೇಡಿ

‘ನೀರು ಕುಡಿಸಿದರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ ಡಾಕ್ಟ್ರೇ, ಅದಕ್ಕೇ ನಿಲ್ಲಿಸಿದೀವಿ.’ ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರು ಇಂದಿಗೂ ಈ ಮಾತು ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ವಾಂತಿ-ಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ದೇಹದಿಂದ ನೀರು ಮತ್ತು ಲವಣ ಬರಿದಾಗುವುದು.

2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಅದನ್ನು ನಾವು ಮರೆಯಬಾರದು.

ನಲ್ಲಿ ನೀರು ಕೆಡುವುದು ಹೇಗೆ? ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪೈಪು ಒಡೆದ ಕಡೆ ಚರಂಡಿ ನೀರು ಒಳಗೆ ಸೇರುತ್ತದೆ. ನಲ್ಲಿಗಾಗಿ ತೋಡಿದ ಗುಂಡಿಯ ಕೊಳಕು ನೀರೂ ಹಾಗೆಯೇ. ಕಾಲರಾ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳು ಬರುವ ದಾರಿ ಇದೇ. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಶುದ್ಧವೆಂದು ನಂಬಬೇಡಿ.

ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ಕೊಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪುಡಿ ಬೆರೆಸಬೇಕು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ಮಟ್ಟಸವಾಗಿರಲಿ. ಉಪ್ಪು ಹೆಚ್ಚಾದರೆ ಅಪಾಯ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಮಗು ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ. ಎದೆಹಾಲು, ಗಂಜಿ, ಮಜ್ಜಿಗೆ ಮುಂದುವರಿಯಲಿ. ಮಕ್ಕಳಿಗೆ ವೈದ್ಯರು ಹೇಳಿದ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಕೊಡಿ. ಭೇದಿ ಕಟ್ಟುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಬೇಡಿ.

‘ಗ್ಲೂಕೋಸ್ ಬಾಟಲಿ ಹಾಕಿಬಿಡಿ’ ಎನ್ನುವವರಿಗೆ ಒಂದು ಮಾತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಈ ಉಪ್ಪು-ಸಕ್ಕರೆ ದ್ರಾವಣವನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು.

ಆದರೆ ಕಣ್ಣು ಗುಳಿ ಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಕುಡಿಯಲಾರದಂತಾದರೆ, ಮಲದಲ್ಲಿ ರಕ್ತ ಕಂಡರೆ, ಅಕ್ಕಿ ತೊಳೆದ ನೀರಿನಂತೆ ಭೇದಿಯಾದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ದಾರಿಯಲ್ಲೂ ಓ.ಆರ್.ಎಸ್. ಕುಡಿಸುತ್ತಿರಿ.

ಬಾರದಂತೆ ತಡೆಯಲು ವಾಣಿವಿಲಾಸ ಸಾಗರದ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಕುಡಿಯಿರಿ. ಶುದ್ಧ ನೀರಿನ ಘಟಕದಿಂದ ತಂದರೂ ಕ್ಯಾನ್ ತೊಳೆದಿರಬೇಕು. ನೀರನ್ನು ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ. ಶೌಚದ ನಂತರ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಹಸುಗೂಸಿಗೆ 6, 10, 14ನೇ ವಾರದಲ್ಲಿ ರೋಟಾವೈರಸ್ ಲಸಿಕೆ ತಪ್ಪದೆ ಹಾಕಿಸಿ. ಒಂದೇ ಬೀದಿಯಲ್ಲಿ ಹಲವರಿಗೆ ಭೇದಿಯಾದರೆ ಆ ನಲ್ಲಿ ನೀರು ಕುಡಿಯುವುದನ್ನು ನಿಲ್ಲಿಸಿ, ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ.

ಮನೆಯಲ್ಲಿ ಎರಡು ಓ.ಆರ್.ಎಸ್. ಪೊಟ್ಟಣ ಸದಾ ಇರಲಿ. ಮಧ್ಯರಾತ್ರಿ ಬಸ್ಸಿಲ್ಲದ ಊರಿನಲ್ಲಿ ಮೊದಲ ಚಿಕಿತ್ಸೆ ಕೊಡಬೇಕಾದವರು ನೀವೇ.