ಹೊರದಾರಿಯಿಲ್ಲದ ಸರೋವರದ ಜಮಾಖರ್ಚು

ನದಿಗಳೆಲ್ಲವೂ ಸಮುದ್ರವನ್ನು ಸೇರುತ್ತವೆ ಎಂದು ಮಕ್ಕಳು ಕೆಳಗಿನ ತರಗತಿಗಳಿಂದಲೇ ನಂಬಿ ಬಂದಿರುತ್ತಾರೆ. ಸಮುದ್ರವನ್ನು ಕಾಣದ ನೀರೂ ಉಂಟು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಶ್ರೇಣಿಗಳ ನಡುವೆ ಆಲ್ಟಿಪ್ಲಾನೋ ಎಂಬ ಎತ್ತರದ ಪ್ರಸ್ಥಭೂಮಿಯಿದೆ. ಸಮುದ್ರಮಟ್ಟದಿಂದ ಸುಮಾರು 3,810 ಮೀಟರ್ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ಹೆಚ್ಚುವರಿ ನೀರು ದೆಸಾಗ್ವಾದೆರೋ ನದಿಯಾಗಿ ಹರಿದು, ಬೊಲಿವಿಯಾದ ಪೂಪೋ ಸರೋವರವನ್ನು ಸೇರುತ್ತದೆ. ಅಲ್ಲಿಂದ ಕಡಲಿಗೆ ದಾರಿಯಿಲ್ಲ. ಇಂತಹ ಪ್ರದೇಶವೇ ಮುಚ್ಚಿದ ಜಲಾನಯನ. ಇಲ್ಲಿ ನೀರಿಗೆ ಉಳಿದಿರುವ ಮುಖ್ಯ ಹೊರದಾರಿ ಬಾಷ್ಪೀಕರಣ. (ಮಲಯಾಳದಲ್ಲಿಯೂ ಇದೇ ಪದ, ತೆಲುಗು, ಮರಾಠಿಗಳಲ್ಲಿ ಬಾಷ್ಪೀಭವನ, ತಮಿಳಿನಲ್ಲಿ ನಮ್ಮ ಆವಿಯೇ ಇದೆ. ಮಕ್ಕಳಿಗೆ ಈ ನಂಟನ್ನು ತೋರಿಸುವುದು ಲಾಭಕರ.)

ಚಳಿಯ ನಾಡಿನಲ್ಲಿ ನೀರು ಆರುವುದು ಕಡಿಮೆ ಎಂದು ವಿದ್ಯಾರ್ಥಿಗಳು ವಾದಿಸುವುದು ಸಹಜ. ಆದರೆ ಟಿಟಿಕಾಕಾದ ಮೇಲ್ಮೈಯಿಂದ ವರ್ಷಕ್ಕೆ ಸುಮಾರು 1.6 ಮೀಟರಿನಷ್ಟು ನೀರು ಆವಿಯಾಗುತ್ತದೆ. ಎತ್ತರದ ತೆಳುವಾದ ಗಾಳಿಯಲ್ಲಿ ಬಿಸಿಲು ಪ್ರಖರ. ಗಾಳಿ ಒಣದು, ಬೀಸುವುದೂ ಜೋರು. ಉಷ್ಣಾಂಶವೊಂದನ್ನೇ ನೋಡಿ ತೀರ್ಮಾನಿಸುವುದು ತಪ್ಪು.

ಸರೋವರದ ವಿಸ್ತೀರ್ಣ ಸುಮಾರು 8,300 ಚದರ ಕಿಲೋಮೀಟರ್. ಇದನ್ನು 1.6 ಮೀಟರಿನಿಂದ ಗುಣಿಸುವ ಲೆಕ್ಕವನ್ನು ಮಕ್ಕಳೇ ಮಾಡಲಿ: ವರ್ಷಕ್ಕೆ ಹದಿಮೂರು ಘನ ಕಿಲೋಮೀಟರಿಗೂ ಮಿಕ್ಕಿದ ನೀರು! ಸರೋವರ ಕಳೆದುಕೊಳ್ಳುವ ನೀರಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಹೀಗೆ ಆಕಾಶಕ್ಕೇ ಸಲ್ಲುತ್ತದೆ. ಪೂಪೋವಿನ ಪಾಲಿಗೆ ಬರುವುದು ಉಳಿದ ಅಲ್ಪಾಂಶ ಮಾತ್ರ.

ಒಳಹರಿವು ಹೆಚ್ಚಿದರೆ ಮುಚ್ಚಿದ ಸರೋವರ ಹರಡಿಕೊಳ್ಳುತ್ತದೆ. ಮೇಲ್ಮೈ ಹಿಗ್ಗಿದಷ್ಟೂ ಆವಿಯಾಗುವ ನೀರೂ ಹೆಚ್ಚುತ್ತದೆ. ಒಳಹರಿವು ಕುಗ್ಗಿದರೆ ಸರೋವರವೂ ಕುಗ್ಗಿ, ಜಮೆ ಮತ್ತು ಖರ್ಚು ಮತ್ತೆ ಸಮವಾಗುತ್ತವೆ. ಆದರೆ ಸರೋವರದ ಆಕಾರವನ್ನು ಮರೆಯುವಂತಿಲ್ಲ. ಒಂದೇ ಅಳತೆಯ ನೀರನ್ನು ಚೊಂಬಿನಲ್ಲಿಯೂ ಅಗಲವಾದ ತಟ್ಟೆಯಲ್ಲಿಯೂ ಇಟ್ಟು ಬಿಸಿಲಿನಲ್ಲಿ ಇರಿಸಿದರೆ, ತಟ್ಟೆಯೇ ಮೊದಲು ಒಣಗುವುದನ್ನು ತರಗತಿ ಕಣ್ಣಾರೆ ಕಾಣಬಹುದು. ಟಿಟಿಕಾಕಾದ ಗರಿಷ್ಠ ಆಳ ಸುಮಾರು 280 ಮೀಟರ್; ಪೂಪೋ ಬಹುತೇಕ 3 ಮೀಟರನ್ನೂ ಮೀರದ ತಟ್ಟೆ. ನದಿ ಮತ್ತು ಮಳೆ ನಿಂತು, ಅದೇ ದರದಲ್ಲಿ ನೀರು ಆರಿದರೆ ಎರಡು ವರ್ಷಗಳಲ್ಲಿ ಅದರ ತಳ ಕಾಣಬೇಕು.

ಕಂಡದ್ದೂ ಉಂಟು. ಬರಗಾಲ, ಏರಿದ ಉಷ್ಣಾಂಶ, ನೀರಾವರಿಗೂ ಗಣಿಗಳಿಗೂ ತಿರುಗಿಸಿದ ನದಿನೀರು ಎಲ್ಲವೂ ಕೂಡಿದಾಗ, 2015ರ ಡಿಸೆಂಬರಿನಲ್ಲಿ ಪೂಪೋ ಬತ್ತಿತೆಂದು ಘೋಷಿಸಲಾಯಿತು. ಮೀನುಗಾರಿಕೆಯನ್ನೇ ನೆಚ್ಚಿದ್ದ ಉರು ಜನರ ದೋಣಿಗಳು ಒಣನೆಲದ ಮೇಲೆ ಉಳಿದವು. ಹಲವರು ಗಣಿ ಮತ್ತು ಉಪ್ಪಿನ ಕೆಲಸಗಳಿಗೆ ವಲಸೆ ಹೋದರು. ತಿರುಗಿಸಿದ ನೀರಿನ ಪ್ರಮಾಣ ಚಿಕ್ಕದೆಂದು ಕಂಡರೂ, ತಟ್ಟೆಯಂತಹ ಸರೋವರಕ್ಕೆ ಅದು ಚಿಕ್ಕದಲ್ಲ.

ಮನೆಗೆಲಸಕ್ಕೆ ಒಂದು ಪ್ರಶ್ನೆ: ಆವಿಯೊಡನೆ ಉಪ್ಪು ಮೇಲೇರುವುದಿಲ್ಲ. ಹಾಗಾದರೆ ಟಿಟಿಕಾಕಾದ ನೀರು ಬಹುಮಟ್ಟಿಗೆ ಸಿಹಿಯಾಗಿಯೂ ಪೂಪೋವಿನ ನೀರು ಉಪ್ಪಾಗಿಯೂ ಇರಲು ಕಾರಣವೇನು? ದೆಸಾಗ್ವಾದೆರೋ ನದಿಯನ್ನು ನಕ್ಷೆಯಲ್ಲಿ ಗುರುತಿಸಿದ ಬಳಿಕವೇ ಉತ್ತರ ಬರೆಯಲು ಹೇಳುವುದು ಒಳಿತು.