ಹುಚ್ಚು, ಗೀಳು, ಹವ್ಯಾಸ

ದಿನಬಳಕೆಯ ಪದಗಳ ಅರ್ಥವನ್ನು ಜನರು ವಿಚಾರಿಸಿ ನೋಡುವುದು ಅಪರೂಪ. ‘ಹುಚ್ಚು’ ಅಂತಹ ಒಂದು ಪದ. ಚಿತ್ತಭ್ರಮೆ ಎಂಬುದು ಅದರ ವಾಚ್ಯಾರ್ಥ. ಆದರೆ ‘ಗಾಳಿಪಟದ ಹುಚ್ಚು’, ‘ಸಿನಿಮಾ ಹುಚ್ಚು’ ಎಂದಾಗ ಅದನ್ನು ಯಾರೂ ರೋಗವೆಂದು ಭಾವಿಸುವುದಿಲ್ಲ. ಒಂದು ವಸ್ತುವಿನ ಮೇಲೆ ಥಟ್ಟನೆ ಹುಟ್ಟಿ, ಹಲವರನ್ನು ಆವರಿಸಿ, ಬಹುಮಟ್ಟಿಗೆ ಅಷ್ಟೇ ಬೇಗ ಅಡಗಿಹೋಗುವ ಮೋಹವನ್ನು ಇಲ್ಲಿ ಆ ಪದ ಸೂಚಿಸುತ್ತದೆ.

ಇದಕ್ಕೆ ಸಮೀಪದ ಪದಗಳು ಎರಡು: ಗೀಳು ಮತ್ತು ಹವ್ಯಾಸ. ಇವುಗಳ ಭೇದವು ಇವುಗಳೊಡನೆ ಬರುವ ಕ್ರಿಯಾಪದಗಳಿಂದಲೇ ತಿಳಿಯುತ್ತದೆ. ಹುಚ್ಚು ‘ಹಿಡಿಯುತ್ತದೆ’, ಕೆಲಕಾಲದ ಮೇಲೆ ‘ಇಳಿಯುತ್ತದೆ’. ಗೀಳು ‘ಅಂಟಿಕೊಳ್ಳುತ್ತದೆ’, ಅದು ಸುಲಭವಾಗಿ ಬಿಡದು. ಈ ಎರಡು ಕಡೆಯೂ ಕರ್ತೃಸ್ಥಾನದಲ್ಲಿರುವುದು ಮೋಹವೇ; ಮನುಷ್ಯನು ಅದರ ಕೈಗೆ ಸಿಕ್ಕವನು. ಹವ್ಯಾಸವನ್ನಾದರೋ ಮನುಷ್ಯನೇ ‘ಬೆಳೆಸಿಕೊಳ್ಳುತ್ತಾನೆ’. ಅಲ್ಲಿ ಕರ್ತೃ ಅವನೇ. ಈ ವ್ಯಾಕರಣದಲ್ಲಿ ಬಾಳಿನ ವಿವೇಕವೊಂದು ಅಡಗಿದೆ.

ಹುಚ್ಚು ಊರನ್ನೇ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಹಾಲೆಂಡಿನ ಇತಿಹಾಸದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ಹದಿನೇಳನೆಯ ಶತಮಾನದಲ್ಲಿ, ಈರುಳ್ಳಿಯಂತಹ ಗೆಡ್ಡೆಯಿಂದ ಬೆಳೆಯುವ ಟ್ಯೂಲಿಪ್ ಹೂವು ಅಲ್ಲಿನ ಸಿರಿವಂತರ ತೋಟಗಳ ಹೆಮ್ಮೆಯಾಗಿತ್ತು. 1636ರ ಕೊನೆಯ ವೇಳೆಗೆ, ಇನ್ನೂ ನೆಲದೊಳಗಿದ್ದ ಗೆಡ್ಡೆಗಳನ್ನೇ ಜನರು ಬರಿಯ ಕರಾರಿನ ಮೇಲೆ ಕೊಂಡು ಮಾರತೊಡಗಿದರು. ಹೂವನ್ನು ಕಾಣುವ ಆಸೆಗಿಂತ ಮರುಮಾರಾಟದ ಲಾಭದ ಆಸೆ ಹೆಚ್ಚಾಯಿತು. ಅಪರೂಪದ ಕೆಲವು ಗೆಡ್ಡೆಗಳ ಬೆಲೆ ನುರಿತ ಕುಶಲಕರ್ಮಿಯ ಒಂದು ವರ್ಷದ ಸಂಪಾದನೆಯನ್ನೂ ಮೀರಿತು. 1637ರ ಫೆಬ್ರವರಿಯಲ್ಲಿ ಕೊಳ್ಳುವವರು ಹಿಂಜರಿದರು. ಬೆಲೆ ಒಮ್ಮೆಗೇ ಕುಸಿಯಿತು. ಹಣ ಕೊಡಬೇಕಾದವರಿಗೂ ಪಡೆಯಬೇಕಾದವರಿಗೂ ನಡುವೆ ವ್ಯಾಜ್ಯಗಳೆದ್ದವು. ದೇಶವೇನೂ ದಿವಾಳಿಯಾಗಲಿಲ್ಲ, ಆದರೆ ಕೊಟ್ಟ ಮಾತಿನ ಮೇಲೆ ಜನರಿಗಿದ್ದ ನಂಬಿಕೆಗೆ ಪೆಟ್ಟು ಬಿದ್ದಿತು.

ಹುಚ್ಚು ಇಳಿಯಿತು, ಹೂವು ಉಳಿಯಿತು. ಗೆಡ್ಡೆಯನ್ನು ನೆಟ್ಟು, ಹೂವಿಗಾಗಿ ಕಾದು, ಹೊಸ ತಳಿಗಳನ್ನು ತಾಳ್ಮೆಯಿಂದ ಬೆಳೆಸುತ್ತ ಬಂದವರ ಪರಿಶ್ರಮದಿಂದ ಆ ದೇಶ ಇಂದಿಗೂ ಟ್ಯೂಲಿಪ್ ಕೃಷಿಗೆ ಹೆಸರಾಗಿದೆ. ದೋಷವು ಹೂವಿನದಲ್ಲ, ಅದನ್ನು ಬಯಸಿದ ರೀತಿಯದು.

ಎಳೆಯರ ಮನಸ್ಸನ್ನು ಹೊಸ ಹೊಸ ಆಟ, ಉಡುಪು, ಮಾತಿನ ವರಸೆಗಳು ಸೆಳೆಯುವುದು ಸಹಜ. ಅವೆಲ್ಲವನ್ನೂ ದೂರವಿಡಬೇಕಾಗಿಲ್ಲ. ಇದನ್ನು ತಾನು ಹಿಡಿದಿರುವೆನೋ, ಇದೇ ತನ್ನನ್ನು ಹಿಡಿದಿದೆಯೋ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ತನ್ನ ಬಾಳಿನ ವಾಕ್ಯದಲ್ಲಿ ತಾನೇ ಕರ್ತೃವಾಗಿರುವುದು ವಿದ್ಯಾವಂತನ ಲಕ್ಷಣ.