ಮಾತ್ರೆಗಳನ್ನು ಸಿಂಕಿಗೆ ಸುರಿಯಬೇಡ

ಕಾಚಿಗುಡ, ಹೈದರಾಬಾದ್

ಪ್ರೀತಿಯ ಮಗಳೇ,

ನೀನು ಫೋನಿನಲ್ಲಿ ಅಳುತ್ತಾ ಹೇಳಿದ್ದು ನನ್ನೊಳಗೇ ಇದೆ, ಯಾರ ಕಿವಿಗೂ ಬಿದ್ದಿಲ್ಲ. ಆದರೆ ಕೊನೆಗೆ "ನಾಳೆ ಆ ಸ್ಟ್ರಿಪ್‌ಗಳನ್ನೆಲ್ಲ ಒಡೆದು ಸಿಂಕಿಗೆ ಸುರಿದುಬಿಡ್ತೀನಿ ಅತ್ತೆ" ಅಂದೆಯಲ್ಲ, ಆ ಮಾತಿಗೆ ನನ್ನ ನಿದ್ದೆ ಹಾರಿಹೋಯಿತು. ಸುರಿಯಬೇಡ. ಮೊದಲು ಇದನ್ನು ಓದು, ಉಳಿದದ್ದು ಆಮೇಲೆ.

ನಿನ್ನ ಗಂಡ ನುಂಗುವ ಆಲ್ಪ್ರಜೋಲಮ್ ಮಿದುಳಿನ ತಳಮಳವನ್ನು ಹತ್ತಿಕ್ಕುವ ಮಾತ್ರೆ. ತಿಂಗಳುಗಟ್ಟಲೆ ದಿನವೂ ನುಂಗಿದವನ ಮಿದುಳು ತಾನಾಗಿ ಶಾಂತವಾಗುವುದನ್ನು ಕಡಿಮೆ ಮಾಡಿಕೊಂಡು ಮಾತ್ರೆಗೇ ಒಗ್ಗಿಬಿಟ್ಟಿರುತ್ತದೆ. ಒಂದೇ ಏಟಿಗೆ ನಿಲ್ಲಿಸಿದರೆ ಬೆವರು, ಕೈನಡುಕ, ನಿದ್ದೆಯಿಲ್ಲದ ರಾತ್ರಿಗಳು, ಕೆಲವರಿಗೆ ಭ್ರಮೆ, ಫಿಟ್ಸ್. ಜೀವಕ್ಕೂ ಅಪಾಯ. ತೆಲಂಗಾಣ ಇದನ್ನು ಕಣ್ಣಾರೆ ಕಂಡಿದೆ. ಸೇಂದಿಗೆ ಇದೇ ಆಲ್ಪ್ರಜೋಲಮ್ ಬೆರೆಸಿ ಮಾರುವ ದಂಧೆ ಇಲ್ಲಿ ಹಳೆಯದು. 2015ರಲ್ಲಿ ಅಧಿಕಾರಿಗಳು ಬಿಗಿ ಮಾಡಿ ಬೆರಕೆ ಸೇಂದಿ ಸಿಗದಂತಾದಾಗ ನಿಜಾಮಾಬಾದ್, ಮೆದಕ್ ಕಡೆ ಕೈಕಾಲು ನಡುಗುತ್ತಾ ಬಡಬಡಿಸುತ್ತಾ ಜನ ಆಸ್ಪತ್ರೆಗಳಿಗೆ ಬಂದರು. ನಿನ್ನ ಗಂಡ ಸೇಂದಿ ಮುಟ್ಟಿದವನಲ್ಲ, ನಿಜ. ಅವನ ಮೈಯೊಳಗೆ ಇರುವುದು ಮಾತ್ರ ಅದೇ ಔಷಧ.

ಬಿಡಿಸುವ ದಾರಿ ನಿಧಾನದ್ದು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಡಾ. ಹೆದರ್ ಆಶ್ಟನ್ 1982ರಿಂದ ಹನ್ನೆರಡು ವರ್ಷ ಇಂಥವರಿಗಾಗಿಯೇ ಕ್ಲಿನಿಕ್ ನಡೆಸಿದರು. ಬೇಗ ಇಳಿದುಹೋಗುವ ಮಾತ್ರೆಯ ಬದಲು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಡಯಾಜೆಪಮ್ ಕೊಟ್ಟು, ಅದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಚೂರುಚೂರೇ ಇಳಿಸುವುದು ಅವರ ಕ್ರಮ. ಯಾವ ಮಾತ್ರೆ, ಎಷ್ಟು, ಯಾವಾಗ ಇಳಿಸಬೇಕು ಎಂಬುದನ್ನು ಮನೋವೈದ್ಯರು ಹೇಳಬೇಕು. ನೀನೂ ಅಲ್ಲ, ನಾನೂ ಅಲ್ಲ.

ಬೆನ್ನುನೋವಿಗೆಂದು ಅವನು ಟ್ರಮಡಾಲ್ ಕೂಡ ನುಂಗುತ್ತಾನೆ ಅಂದೆ. ನನಗೆ ಹೆಚ್ಚು ಭಯ ಇರುವುದು ಅದರ ಬಗ್ಗೆ. ಎರಡೂ ಸೇರಿದರೆ ಉಸಿರಾಟ ಕುಗ್ಗುತ್ತದೆ, ಮೇಲೆ ಮದ್ಯ ಬಿದ್ದರೆ ಇನ್ನೂ ಕೆಟ್ಟದ್ದು. ರಾತ್ರಿ ಎಬ್ಬಿಸಿದರೂ ಏಳದೆ, ಗೊರಗೊರ ಸದ್ದು ಮಾಡುತ್ತಾ ತುಟಿ ನೀಲಿಗಟ್ಟಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸು, ತಕ್ಷಣ 108ಕ್ಕೆ ಕರೆ ಮಾಡು. ಏನೇನು ನುಂಗಿದ್ದಾನೆ ಎಂದು ಬಂದವರಿಗೆ ಮುಚ್ಚುಮರೆಯಿಲ್ಲದೆ ಹೇಳು. ಆ ಹೊತ್ತಿನಲ್ಲಿ ಮರ್ಯಾದೆ ಲೆಕ್ಕಕ್ಕಿಲ್ಲ.

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಇಷ್ಟು ವರ್ಷ ನಿಂತವಳು ನಾನು. ಬೆನ್ನುನೋವಿಗೆ, ನಿದ್ದೆಗೆ ಎಂದು ಬರೆದ ಚೀಟಿ ಹಿಡಿದು ಬಂದ ಎಷ್ಟೋ ಒಳ್ಳೆಯ ಮನುಷ್ಯರು ಚೀಟಿ ಮುಗಿದ ಮೇಲೂ ಬರುತ್ತಿದ್ದರು. 2014ರ ಮಾರ್ಚ್‌ನಿಂದ ಈ ಮಾತ್ರೆಗಳು ಔಷಧ ಕಾನೂನಿನ ಎಚ್1 ಪಟ್ಟಿಯಲ್ಲಿವೆ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಒಳ್ಳೆಯ ಕಾನೂನು. ಮುಖಪರಿಚಯದ ಮೇಲೆ ಸ್ಟ್ರಿಪ್ ತಳ್ಳುವ ಅಂಗಡಿಗಳ ಮೇಲೆ ನನಗಿರುವ ಸಿಟ್ಟು ನಿನ್ನ ಗಂಡನ ಮೇಲಿಲ್ಲ. 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ವೈದ್ಯರ ಸಲಹೆ ಮೀರಿ ಇಂಥ ಶಾಮಕ ಮಾತ್ರೆ ನುಂಗುವವರು ದೇಶದಲ್ಲಿ ಸುಮಾರು 1.18 ಕೋಟಿ. ಅಷ್ಟು ಮನೆಗಳಲ್ಲಿ ನಿನ್ನ ಹಾಗೆ ಯಾರೋ ಒಬ್ಬರು ಬಾಯಿ ಮುಚ್ಚಿಕೊಂಡು ಸ್ಟ್ರಿಪ್ ಎಣಿಸುತ್ತಿರಬೇಕು.

ಈ ಎಣಿಸುವ ಕೆಲಸವನ್ನು ನೀನು ಬಿಡಬೇಕು. ಬ್ಯಾಗ್ ತಡಕುವುದು, ಆಫೀಸಿಗೆ ಫೋನ್ ಮಾಡಿ "ಅವರಿಗೆ ಜ್ವರ" ಎನ್ನುವುದು, ಅತ್ತೆ-ಮಾವನ ಮುಂದೆ ನಕ್ಕು ಮುಚ್ಚಿಡುವುದು, ಇದೆಲ್ಲ ಪ್ರೀತಿಯಿಂದಲೇ ಮಾಡುತ್ತಿದ್ದೀಯ, ನನಗೆ ಗೊತ್ತು. ಆದರೆ ನೀನು ಹೇಳಿದ ಪ್ರತಿ ಸುಳ್ಳಿನಿಂದ ಅವನಿಗೆ ಇನ್ನೊಂದು ವಾರ ಸಲೀಸಾಗುತ್ತದೆ. ನಿನ್ನ ಸಂಬಳ ನಿನ್ನ ಖಾತೆಯಲ್ಲೇ ಇರಲಿ. ಅವನು ಕೈ ಎತ್ತಿದರೆ ಅದು ಮಾತ್ರೆಯ ದೋಷ ಎಂದುಕೊಂಡು ಸಹಿಸಬೇಡ. ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬಾ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು.

ಅವನ ಹತ್ತಿರ ಮಾತಾಡುವುದು ಹೇಗೆ ಎಂದು ನೀನು ಕೇಳಿದ್ದೆ. ಅಮೆರಿಕದ ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್ ಅವರ ಹೆಂಡತಿ ಬೆಟ್ಟಿ ಫೋರ್ಡ್ ಕತ್ತಿನ ನರದ ನೋವಿಗೆ ಶುರುವಾದ ಮಾತ್ರೆಗಳಿಗೂ ಮದ್ಯಕ್ಕೂ ಅಂಟಿಕೊಂಡಿದ್ದರು. 1978ರಲ್ಲಿ ಗಂಡ, ಮಕ್ಕಳು, ವೈದ್ಯರು ಒಟ್ಟಿಗೆ ಕೂತು ತಾವು ಕಂಡದ್ದನ್ನು ಹೇಳಿದರು. ಆಕೆ ಸಿಟ್ಟಾದರು, ಅತ್ತರು, ಆಮೇಲೆ ಚಿಕಿತ್ಸೆಗೆ ಹೊರಟರು. ನೀನೂ ಅವನ ತಲೆ ತಿಳಿಯಾಗಿರುವ ಬೆಳಗಿನ ಹೊತ್ತು ನೋಡಿ ಹೇಳು. "ನೀನು ಹಾಳಾದೆ" ಅನ್ನಬೇಡ. "ಮಂಗಳವಾರ ನೀನು ಮಗುವನ್ನು ಕರೆತರಲು ಮರೆತೆ, ನನಗೆ ಭಯವಾಯಿತು" ಅನ್ನು. ಚೆನ್ನೈನ ಶಾಂತಿ ರಂಗನಾಥನ್ ಮದ್ಯವ್ಯಸನಿ ಗಂಡನನ್ನು ಕಳೆದುಕೊಂಡ ಮೇಲೆ 1980ರಲ್ಲಿ ಚಿಕಿತ್ಸಾ ಕೇಂದ್ರವನ್ನೇ ಕಟ್ಟಿದರು. ಅಲ್ಲಿ ರೋಗಿಯ ಜತೆಗೆ ಅವನ ಮನೆಯವರಿಗೂ ಚಿಕಿತ್ಸೆ ಇದೆ. ನಿನಗೂ ಅದು ಬೇಕು. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು, ಅಳುವಾಗ ಬೇರೆ ಭಾಷೆ ಹುಡುಕುವ ಕಷ್ಟ ನಿನಗೆ ಬೇಡ.

ಪೊಲೀಸರು ಬರುತ್ತಾರೆ ಎಂಬ ಹೆದರಿಕೆ ಅವನಿಗಿದ್ದರೆ ಹೇಳು: ಸ್ವಂತ ಬಳಕೆಯ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜನ ಹೆಸರು ಕೇಳಿದರೆ ಮುಖ ತಿರುಗಿಸುತ್ತಾರೆ, ತಿರುಗಿಸಲಿ. ಉಪ್ಪಲ್‌ನಲ್ಲಿ ನೀಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಇಳಿದು, ಮಿಯಾಪುರ ಕಡೆಯ ಕೆಂಪು ಮಾರ್ಗದ ಗಾಡಿ ಹಿಡಿದರೆ ಮೂರನೆಯ ನಿಲ್ದಾಣ. ಹಳೆಯ ಚೀಟಿಗಳು, ಖಾಲಿ ಸ್ಟ್ರಿಪ್‌ಗಳು ಎಲ್ಲ ಒಂದು ಚೀಲದಲ್ಲಿ ಹಾಕಿಕೋ, ವೈದ್ಯರಿಗೆ ಲೆಕ್ಕ ಬೇಕು. ಅವನು ಮೊದಲ ಸಲ ಬರಲೊಲ್ಲೆ ಎಂದರೆ ನೀನೊಬ್ಬಳೇ ಹೋಗಿ ಕೇಳಿಕೊಂಡು ಬಾ. ಬಿಟ್ಟ ಮೇಲೆ ಮತ್ತೆ ಶುರು ಮಾಡಬಹುದು, ಆಗಲೂ ಅದೇ ಮೆಟ್ರೊ. ಹೊರಡುವ ಹಿಂದಿನ ರಾತ್ರಿ ಒಂದು ಫೋನ್ ಮಾಡು, ಬೆಳಿಗ್ಗೆ ಬಂದು ಮಗುವನ್ನು ಶಾಲೆಗೆ ನಾನು ಬಿಡುತ್ತೇನೆ.

ನಿನ್ನ
ಸೋದರತ್ತೆ